ಮಾದರಿಗೆ ಇಂತಿಷ್ಟು, ವರದಿಗೆ ಎಷ್ಟು?
ಬೆಂಗಳೂರಿನ ಹೊರವಲಯದಲ್ಲಿ ರೋಗಪತ್ತೆ ಪರೀಕ್ಷೆಯ ಗುತ್ತಿಗೆ

ಸಾಂಕ್ರಾಮಿಕ ರೋಗದ ಪರೀಕ್ಷೆಯನ್ನು ನಗರ ಪಾಲಿಕೆಯೊಂದು ಖಾಸಗಿ ಪ್ರಯೋಗಾಲಯಗಳಿಂದ ಮಾಡಿಸಿದಾಗ ಒಪ್ಪಂದದಲ್ಲಿ ಎದ್ದು ಕಾಣುವುದು ಒಂದೇ ಅಂಕಿ: ಒಂದು ಮಾದರಿಗೆ ಇಂತಿಷ್ಟು ರೂಪಾಯಿ. ಆದರೆ ಆ ಅಂಕಿಯ ಹಿಂದಿರುವ ಕೆಲಸ ಒಂದಲ್ಲ. ಗಂಟಲ ದ್ರವವನ್ನೋ ರಕ್ತವನ್ನೋ ಸರಿಯಾಗಿ ತೆಗೆಯುವವರು ಬೇಕು. ಅದನ್ನು ತಂಪಾಗಿ ಇಟ್ಟು, ಸಂಚಾರ ದಟ್ಟಣೆಯ ನಡುವೆ ಹೊತ್ತಿಗೆ ಸರಿಯಾಗಿ ತಲುಪಿಸುವವರು ಬೇಕು. ಪರೀಕ್ಷೆ ನಡೆಸುವ ಯಂತ್ರ, ಕಿಟ್, ತಂತ್ರಜ್ಞರು ಬೇಕು. ಕೊನೆಗೆ ಫಲಿತಾಂಶವನ್ನು ಸರ್ಕಾರದ ಪೋರ್ಟಲ್‌ಗೆ ಏರಿಸಿ, ಮಾದರಿ ಕೊಟ್ಟವರಿಗೂ ಅವರ ವಾರ್ಡಿನ ಆರೋಗ್ಯ ಸಿಬ್ಬಂದಿಗೂ ಮುಟ್ಟಿಸುವವರು ಬೇಕು. ಈ ಸರಪಳಿಯಲ್ಲಿ ಯಾವ ಕೊಂಡಿ ಯಾರ ಹೊಣೆ ಎಂಬುದನ್ನು ಒಪ್ಪಂದ ಬಿಡಿಸಿ ಹೇಳದಿದ್ದರೆ ದರ ಎಷ್ಟೇ ಕಡಿಮೆಯಾದರೂ ಜನರಿಗೆ ಪ್ರಯೋಜನವಿಲ್ಲ. ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ (ಬಿಬಿಎಂಪಿ) 2020ರಿಂದ 2022ರವರೆಗಿನ ಕೋವಿಡ್ ವರ್ಷಗಳಲ್ಲಿ ಈ ಕೆಲಸವನ್ನು ಹಿಂದೆಂದೂ ಕಾಣದ ಪ್ರಮಾಣದಲ್ಲಿ ನಡೆಸಬೇಕಾಯಿತು. ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ, ಪೀಣ್ಯ ಈ ಮೂರು ಪ್ರದೇಶಗಳನ್ನು ಇಟ್ಟುಕೊಂಡು ನೋಡಿದರೆ ಆ ವ್ಯವಸ್ಥೆಯ ಗಟ್ಟಿ ಜಾಗಗಳೂ ಬಿರುಕುಗಳೂ ಸ್ಪಷ್ಟವಾಗಿ ಕಾಣುತ್ತವೆ.

ಕೊಳ್ಳುವ ಅನಿವಾರ್ಯತೆ

2020ರ ಮಾರ್ಚ್ ಆರಂಭದಲ್ಲಿ ಇಡೀ ಕರ್ನಾಟಕದ ಮಾದರಿಗಳು ಬೆಂಗಳೂರಿಗೇ ಬರಬೇಕಿತ್ತು. ಬೆಂಗಳೂರು ವೈದ್ಯಕೀಯ ಕಾಲೇಜಿನ ಪ್ರಯೋಗಾಲಯ ಮತ್ತು ರಾಷ್ಟ್ರೀಯ ವೈರಾಣು ಸಂಸ್ಥೆಯ ಬೆಂಗಳೂರು ಘಟಕ, ಇವೆರಡೇ ಆಸರೆ. ಕಲಬುರಗಿಯಲ್ಲಿ ಮಾರ್ಚ್ 10ರಂದು ಮೃತಪಟ್ಟ 76 ವರ್ಷದ ವೃದ್ಧರಿಗೆ ಕೋವಿಡ್ ಇತ್ತೆಂಬುದು ಗೊತ್ತಾದದ್ದು ಎರಡು ದಿನಗಳ ನಂತರ, ಮಾರ್ಚ್ 12ರಂದು. ಅದು ದೇಶದ ಮೊದಲ ಕೋವಿಡ್ ಸಾವು. ವರದಿ ರೋಗಿಗಿಂತ ಹಿಂದೆ ಉಳಿದರೆ ಏನಾಗುತ್ತದೆ ಎಂಬುದನ್ನು ರಾಜ್ಯ ಮೊದಲ ಸಾವಿನಲ್ಲೇ ಕಂಡಿತು.

ಸರ್ಕಾರಿ ಪ್ರಯೋಗಾಲಯಗಳನ್ನು ಬೆಳೆಸುವ ಕೆಲಸ ತಕ್ಷಣ ಶುರುವಾಯಿತು. ನಿಮ್ಹಾನ್ಸ್, ಕಮಾಂಡ್ ಆಸ್ಪತ್ರೆ, ಎನ್‌ಸಿಬಿಎಸ್–ಇನ್‌ಸ್ಟೆಮ್ ಆವರಣದ ಪ್ರಯೋಗಾಲಯಗಳು ಕೈಜೋಡಿಸಿದವು. ಆದರೂ ಒಂದು ಕೋಟಿಗೂ ಹೆಚ್ಚು ಜನರಿರುವ ನಗರಕ್ಕೆ ಅದು ಸಾಲದು. ಖಾಸಗಿ ಪ್ರಯೋಗಾಲಯಗಳು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಅನುಮತಿ ಪಡೆದು ಒಂದೊಂದಾಗಿ ಪಟ್ಟಿಗೆ ಸೇರಿದವು. ಹೊರವಲಯದ ಕೈಗಾರಿಕಾ ನೆಲವೂ ಇದಕ್ಕೆ ಬಲ ಕೊಟ್ಟಿತು. ಔಷಧ ಸಂಶೋಧನೆ ನಡೆಸುವ ಸಿಂಜೀನ್ ಸಂಸ್ಥೆ ಎಲೆಕ್ಟ್ರಾನಿಕ್ ಸಿಟಿಯ ಪಕ್ಕದ ಬೊಮ್ಮಸಂದ್ರದಲ್ಲಿ ಆರ್‌ಟಿ-ಪಿಸಿಆರ್ ಪರೀಕ್ಷೆ ಆರಂಭಿಸಿತು. ಕ್ಷಯರೋಗ ಪತ್ತೆಗೆಂದು ಬೆಂಗಳೂರಿನ ಬಿಗ್‌ಟೆಕ್ ಲ್ಯಾಬ್ಸ್ ರೂಪಿಸಿದ್ದ, ಬ್ಯಾಟರಿಯಿಂದಲೂ ನಡೆಯುವ ಟ್ರೂನ್ಯಾಟ್ ಯಂತ್ರ ಕೋವಿಡ್ ಪರೀಕ್ಷೆಗೂ ಬಳಕೆಗೆ ಬಂತು. ದೊಡ್ಡ ಪ್ರಯೋಗಾಲಯವಿಲ್ಲದ ತಾಲ್ಲೂಕು ಆಸ್ಪತ್ರೆಯಲ್ಲೂ ಪರೀಕ್ಷೆ ಸಾಧ್ಯವಾದದ್ದು ಇಂಥ ಯಂತ್ರಗಳಿಂದ.

ದರ ಇಳಿದ ಬಗೆ

ದರದ ವಿಷಯದಲ್ಲಿ ರಾಜ್ಯ ಸರ್ಕಾರ ನಡೆದುಕೊಂಡ ರೀತಿಯನ್ನು ಮೆಚ್ಚಬೇಕು. 2020ರ ಮಾರ್ಚ್‌ನಲ್ಲಿ ಸಂಶೋಧನಾ ಮಂಡಳಿ ಖಾಸಗಿ ಪರೀಕ್ಷೆಗೆ ವಿಧಿಸಿದ ಗರಿಷ್ಠ ಮಿತಿ 4,500 ರೂಪಾಯಿ. ಪೀಣ್ಯದ ಸಣ್ಣ ಕಾರ್ಖಾನೆಯ ಕಾರ್ಮಿಕನಿಗೆ ಅದು ಕೈಗೆಟುಕುವ ಮೊತ್ತವಲ್ಲ. ಏಪ್ರಿಲ್ 8ರಂದು ಸುಪ್ರೀಂ ಕೋರ್ಟ್ ಖಾಸಗಿ ಪ್ರಯೋಗಾಲಯಗಳಲ್ಲೂ ಪರೀಕ್ಷೆ ಉಚಿತವಾಗಿರಲಿ ಎಂದಿತು. ಐದೇ ದಿನಗಳಲ್ಲಿ, ಏಪ್ರಿಲ್ 13ರಂದು, ಆ ಸೌಲಭ್ಯವನ್ನು ಆರ್ಥಿಕವಾಗಿ ದುರ್ಬಲರಿಗೆ ಮತ್ತು ಆಯುಷ್ಮಾನ್ ಭಾರತ್ ಫಲಾನುಭವಿಗಳಿಗೆ ಸೀಮಿತಗೊಳಿಸಿತು. ಮೇ ಕೊನೆಯಲ್ಲಿ ಮಂಡಳಿ ತನ್ನ ಮಿತಿಯನ್ನು ತೆಗೆದು, ದರವನ್ನು ರಾಜ್ಯಗಳೇ ಮಾತಾಡಿ ಗೊತ್ತುಮಾಡಲಿ ಎಂದು ಬಿಟ್ಟುಕೊಟ್ಟಿತು.

ಕರ್ನಾಟಕ ಎರಡು ದರಗಳ ದಾರಿ ಹಿಡಿಯಿತು. ಸರ್ಕಾರ ಕಳಿಸುವ ಮಾದರಿಗೆ ಒಂದು ಬೆಲೆ, ಜನ ತಾವಾಗಿ ಹೋಗಿ ಮಾಡಿಸಿಕೊಂಡರೆ ಇನ್ನೊಂದು. 2020ರ ಜುಲೈನಲ್ಲಿ ಅವು 2,000 ಮತ್ತು 3,000 ರೂಪಾಯಿ ಇದ್ದವು. ಡಿಸೆಂಬರ್ ಹೊತ್ತಿಗೆ 500 ಮತ್ತು 800ಕ್ಕೆ ಇಳಿದವು. ದೇಶೀ ಕಿಟ್‌ಗಳು ಮಾರುಕಟ್ಟೆಗೆ ಬಂದದ್ದು ಈ ಇಳಿಕೆಗೆ ಮುಖ್ಯ ಕಾರಣ. ಪುಣೆಯ ಮೈಲ್ಯಾಬ್ ಮಾರ್ಚ್‌ನಲ್ಲೇ ಅನುಮೋದನೆ ಪಡೆದ ಮೊದಲ ಭಾರತೀಯ ಕಿಟ್ ತಂದಿತ್ತು. ನಂತರ ಹಲವು ಕಂಪನಿಗಳು ಬಂದವು, ಸ್ಪರ್ಧೆ ಹೆಚ್ಚಿತು. ಸರ್ಕಾರ ಆ ಇಳಿಕೆಯನ್ನು ಗಮನಿಸುತ್ತ ದರವನ್ನು ಮತ್ತೆ ಮತ್ತೆ ಪರಿಷ್ಕರಿಸಿತು. ಒಂದು ವರ್ಷದ ಟೆಂಡರ್‌ನಲ್ಲಿ ಜುಲೈನ ದರಕ್ಕೇ ಬಿಗಿದುಕೊಂಡಿದ್ದರೆ ಡಿಸೆಂಬರ್‌ನಲ್ಲಿ ಬೊಕ್ಕಸಕ್ಕೆ ನಾಲ್ಕು ಪಟ್ಟು ಹೊರೆ ಬೀಳುತ್ತಿತ್ತು.

ಆದರೆ ಎರಡು ದರಗಳ ಪದ್ಧತಿಯೊಳಗೇ ಒಂದು ಅಪಾಯವಿದೆ. ಒಂದೇ ಯಂತ್ರದ ಮುಂದೆ 500 ರೂಪಾಯಿಯ ಮಾದರಿಯೂ 800 ರೂಪಾಯಿಯದೂ ಬಂದು ಕೂತಾಗ ಮೊದಲು ಯಾವುದನ್ನು ಹಚ್ಚಬೇಕು? ಪ್ರಯೋಗಾಲಯದ ಲೆಕ್ಕ ಒಂದು ಉತ್ತರ ಕೊಡುತ್ತದೆ, ಸಾರ್ವಜನಿಕ ಆರೋಗ್ಯ ಇನ್ನೊಂದು. ಕೈಯಿಂದ ಕೊಟ್ಟ ಹಣ ಅಂದೇ ಬರುತ್ತದೆ, ಸರ್ಕಾರದ ಬಿಲ್ ಪಾಸಾಗಲು ಕಾಯಬೇಕು. ಹಾಗಾಗಿ ಸರ್ಕಾರದ ಮಾದರಿಗೆ ಇಂತಿಷ್ಟು ಸಾಮರ್ಥ್ಯವನ್ನು ಪ್ರತಿದಿನ ಮೀಸಲಿಡಬೇಕು, ಬಿಲ್ ಇಂತಿಷ್ಟು ದಿನದಲ್ಲಿ ಪಾವತಿಯಾಗಬೇಕು ಎಂಬ ಎರಡು ಷರತ್ತುಗಳು ಒಟ್ಟಿಗೇ ಇರಬೇಕು. ಮೊದಲನೆಯದನ್ನು ಮಾತ್ರ ಬರೆದು ಎರಡನೆಯದನ್ನು ಬಿಟ್ಟರೆ ಮೊದಲನೆಯದೂ ಕಾಗದದಲ್ಲೇ ಉಳಿಯುತ್ತದೆ.

ಇಂಥದೇ ಇನ್ನೊಂದು ಪ್ರಶ್ನೆ ಪೂಲ್ ಪರೀಕ್ಷೆಯದು. ಸೋಂಕು ತೀರ ಕಡಿಮೆ ಇರುವ ಕಡೆ ಐದು ಜನರವರೆಗಿನ ಮಾದರಿಗಳನ್ನು ಬೆರೆಸಿ ಒಂದೇ ಪರೀಕ್ಷೆ ಮಾಡಬಹುದೆಂದು ಮಂಡಳಿ 2020ರ ಏಪ್ರಿಲ್‌ನಲ್ಲಿ ಅನುಮತಿ ನೀಡಿತು. ಫಲಿತಾಂಶ ನೆಗೆಟಿವ್ ಆದರೆ ಐವರಿಗೂ ವರದಿ ಸಿಗುತ್ತದೆ, ಖರ್ಚಾಗುವುದು ಒಂದೇ ಕಿಟ್. ಪಾಲಿಕೆ ಆಗ ಕೊಡಬೇಕಾದದ್ದು ಐದು ಮಾದರಿಯ ಹಣವನ್ನೋ ಒಂದರದ್ದನ್ನೋ ಎಂಬುದು ಒಪ್ಪಂದದಲ್ಲಿ ಮೊದಲೇ ತೀರ್ಮಾನವಾಗಿರಬೇಕಾದ ಸಂಗತಿ.

ಟೆಂಡರ್ ಇಲ್ಲದ ಖರೀದಿ

ರಾಜ್ಯದಲ್ಲಿ ಸರ್ಕಾರಿ ಖರೀದಿಗೆಲ್ಲ ಆಧಾರ 1999ರ ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮ, ಅಧಿಕಾರಿಗಳ ಬಾಯಲ್ಲಿ ಕೆಟಿಪಿಪಿ ಕಾಯ್ದೆ. ಟೆಂಡರ್ ಕರೆಯಬೇಕು, ಅರ್ಜಿಗೆ ವಾರಗಟ್ಟಲೆ ಅವಕಾಶ ಕೊಡಬೇಕು, ತಾಂತ್ರಿಕ ಅರ್ಹತೆ ನೋಡಿ ಆಮೇಲೆ ದರದ ಲಕೋಟೆ ತೆರೆಯಬೇಕು, ಕಡಿಮೆ ದರ ಹಾಕಿದ ಎಲ್–1ಗೆ ಕೆಲಸ ಕೊಡಬೇಕು. ರಸ್ತೆಗೂ ಚರಂಡಿಗೂ ಈ ಕ್ರಮ ಸರಿ. ಎರಡು ವಾರದಲ್ಲಿ ದುಪ್ಪಟ್ಟಾಗುವ ಸೋಂಕಿಗೆ ಹೊಂದುವುದಿಲ್ಲ. ಅದಕ್ಕೇ ಕಾಯ್ದೆಯ ಕಲಂ 4ರಲ್ಲಿ ಪ್ರಕೃತಿ ವಿಕೋಪ ಹಾಗೂ ತುರ್ತು ಸಂದರ್ಭಗಳಿಗೆ ವಿನಾಯಿತಿ ಇದೆ.

ವಿನಾಯಿತಿ ಬಳಸುವುದು ತಪ್ಪಲ್ಲ. ಆದರೆ ಟೆಂಡರ್ ಜೊತೆಗೆ ದಾಖಲೆಯ ಶಿಸ್ತೂ ಹೋಗಿಬಿಟ್ಟರೆ ಮುಂದೆ ಲೆಕ್ಕ ಕೇಳುವವರಿಗೆ ಹಿಡಿತ ಸಿಗುವುದಿಲ್ಲ. ಯಾವ ಪ್ರಯೋಗಾಲಯಕ್ಕೆ ದಿನಕ್ಕೆ ಎಷ್ಟು ಮಾಡುವ ಸಾಮರ್ಥ್ಯವಿತ್ತು, ಎಷ್ಟು ಕಳಿಸಲಾಯಿತು, ಎಷ್ಟಕ್ಕೆ ಬಿಲ್ ಬಂತು ಎಂಬ ಮೂರು ಕಾಲಂಗಳು ಪಕ್ಕಪಕ್ಕದಲ್ಲಿದ್ದರೆ ಅನುಮಾನಕ್ಕೆ ಎಡೆಯೇ ಇರುವುದಿಲ್ಲ. ಕೋವಿಡ್ ಕಾಲದ ಖರೀದಿಗಳ ತನಿಖೆಗೆ ಸರ್ಕಾರ 2023ರಲ್ಲಿ ನಿವೃತ್ತ ನ್ಯಾಯಮೂರ್ತಿ ಜಾನ್ ಮೈಕಲ್ ಡಿ’ಕುನ್ಹಾ ಅವರ ಆಯೋಗ ನೇಮಿಸಿತು. ಅದರ ಮಧ್ಯಂತರ ವರದಿ ಬಂದದ್ದು 2024ರ ಆಗಸ್ಟ್ ಕೊನೆಗೆ. ಖರ್ಚಾಗಿ ಮೂರು, ನಾಲ್ಕು ವರ್ಷಗಳ ನಂತರ ಕಡತಗಳಿಂದ ಸತ್ಯ ಹೆಕ್ಕುವುದು ಎಷ್ಟು ಕಷ್ಟ ಎಂಬುದು ಇಷ್ಟರಿಂದಲೇ ತಿಳಿಯುತ್ತದೆ. ಇನ್ನೊಂದನ್ನೂ ನೆನಪಿಡಬೇಕು. ಬಿಬಿಎಂಪಿಯ ಚುನಾಯಿತ ಕೌನ್ಸಿಲ್‌ನ ಅವಧಿ 2020ರ ಸೆಪ್ಟೆಂಬರ್ 10ಕ್ಕೆ ಮುಗಿಯಿತು. ಮತ್ತೆ ಚುನಾವಣೆ ನಡೆಯಲಿಲ್ಲ. ಎರಡನೇ ಅಲೆಯ ಹೊತ್ತಿಗೆ ಬಿಲ್‌ಗಳ ಬಗ್ಗೆ ಸಭೆಯಲ್ಲಿ ಎದ್ದು ಪ್ರಶ್ನೆ ಕೇಳಲು ಒಬ್ಬ ಕಾರ್ಪೊರೇಟರ್ ಕೂಡ ಇರಲಿಲ್ಲ.

ಗಡಿಗಳ ಗೊಂದಲ

ಹೊರವಲಯದ ಸಮಸ್ಯೆ ಶುರುವಾಗುವುದು ಭೂಪಟದಿಂದ. 2007ರಲ್ಲಿ ಬೆಂಗಳೂರು ಮಹಾನಗರ ಪಾಲಿಕೆಗೆ ಮಹದೇವಪುರ, ಕೆ.ಆರ್.ಪುರ, ಬೊಮ್ಮನಹಳ್ಳಿ, ದಾಸರಹಳ್ಳಿ ಸೇರಿದಂತೆ ಏಳು ನಗರಸಭೆಗಳು, ಕೆಂಗೇರಿ ಪುರಸಭೆ ಮತ್ತು 110 ಹಳ್ಳಿಗಳನ್ನು ಕೂಡಿಸಿ ಬಿಬಿಎಂಪಿ ಮಾಡಲಾಯಿತು. ವೈಟ್‌ಫೀಲ್ಡ್ ಹೀಗೆ ಮಹದೇವಪುರ ವಲಯಕ್ಕೆ, ಪೀಣ್ಯ ದಾಸರಹಳ್ಳಿಯ ಕಡೆಗೆ ಬಂದವು. ಎಲೆಕ್ಟ್ರಾನಿಕ್ ಸಿಟಿಯ ಕಥೆ ಬೇರೆ. ಕೋನಪ್ಪನ ಅಗ್ರಹಾರ, ದೊಡ್ಡತೋಗೂರಿನ 332 ಎಕರೆಯಲ್ಲಿ 1970ರ ದಶಕದ ಕೊನೆಗೆ ರಾಜ್ಯ ಸರ್ಕಾರದ ಕಿಯೋನಿಕ್ಸ್ ಸಂಸ್ಥೆ ಕಟ್ಟಿದ ಈ ಉದ್ಯಮ ನಗರಿ ಪಾಲಿಕೆಯ ಗಡಿಯ ಹೊರಗೇ ಉಳಿಯಿತು. 2013ರಿಂದ ಅದಕ್ಕೆ ಎಲ್ಸಿಟಾ ಎಂಬ ತನ್ನದೇ ಕೈಗಾರಿಕಾ ಟೌನ್‌ಶಿಪ್ ಪ್ರಾಧಿಕಾರವಿದೆ. ಹೊಸೂರು ರಸ್ತೆಯಲ್ಲಿ ಇನ್ನೂ ಸ್ವಲ್ಪ ಮುಂದೆ ಹೋದರೆ ಹೆಬ್ಬಗೋಡಿ ನಗರಸಭೆ, ಬೊಮ್ಮಸಂದ್ರ ಪುರಸಭೆ. ಅವುಗಳ ಸುತ್ತ ಆನೇಕಲ್ ತಾಲ್ಲೂಕಿನ ಹಳ್ಳಿಗಳು.

ಸೋಂಕಿಗೆ ಈ ಗಡಿಗಳು ತಿಳಿಯವು. ಬೊಮ್ಮನಹಳ್ಳಿ ವಲಯದ ಬಾಡಿಗೆ ಕೋಣೆಯಲ್ಲಿ ಮಲಗುವ ಹುಡುಗಿ ಬೊಮ್ಮಸಂದ್ರದ ಗಾರ್ಮೆಂಟ್ಸ್‌ನಲ್ಲಿ ಹೊಲಿಯುತ್ತಾಳೆ. ಅವಳಿಗೆ ಜ್ವರ ಬಂದದ್ದು ಕೆಲಸದ ಜಾಗದಲ್ಲಾದರೆ ಮಾದರಿ ಜಿಲ್ಲಾ ಆರೋಗ್ಯಾಧಿಕಾರಿಯ ತಂಡದ ಲೆಕ್ಕಕ್ಕೆ, ಕೋಣೆಯಲ್ಲಾದರೆ ಪಾಲಿಕೆಯ ಲೆಕ್ಕಕ್ಕೆ. ಯಾವ ವಲಯದ ಮಾದರಿ ಯಾವ ಪ್ರಯೋಗಾಲಯಕ್ಕೆ ಹೋಗಬೇಕೆಂಬ ಜೋಡಣೆಯೂ ಆಡಳಿತದ ಗಡಿ ನೋಡಿಯೇ ಆಗುತ್ತದೆ. ಪೀಣ್ಯದಲ್ಲಿ ಇದಕ್ಕೆ ಕಾರ್ಮಿಕರ ವಿಮಾ ಯೋಜನೆಯಾದ ಇಎಸ್‌ಐ ಎಂಬ ಮೂರನೇ ಸುತ್ತು ಸೇರುತ್ತದೆ. ತಿಂಗಳಿಗೆ 21,000 ರೂಪಾಯಿವರೆಗೆ ಸಂಬಳ ಪಡೆಯುವ, ನೋಂದಾಯಿತ ಘಟಕದ ಕಾರ್ಮಿಕರಿಗೆ ಪೀಣ್ಯದಲ್ಲೇ ಇಎಸ್‌ಐ ಆಸ್ಪತ್ರೆ ಇದೆ. ಆದರೆ ಹತ್ತು ಜನರೂ ಇಲ್ಲದ ಶೆಡ್ಡಿನಲ್ಲಿ ಲೇತ್ ಹಿಡಿದವರಿಗೆ, ಲೇಬರ್ ಕಂಟ್ರಾಕ್ಟರ್ ಪುಸ್ತಕದಲ್ಲೂ ಹೆಸರಿಲ್ಲದ ಒಡಿಶಾ, ಬಿಹಾರ, ಅಸ್ಸಾಂನ ಹುಡುಗರಿಗೆ ಆ ಬಾಗಿಲು ತೆರೆಯುವುದಿಲ್ಲ. ಅವರಿಗೆ ಉಳಿಯುವುದು ಪಾಲಿಕೆಯ ಪ್ರಾಥಮಿಕ ಆರೋಗ್ಯ ಕೇಂದ್ರ, ಅಂದರೆ ಪಾಲಿಕೆ ಮಾಡಿಕೊಂಡ ಗುತ್ತಿಗೆ.

ವೈಟ್‌ಫೀಲ್ಡ್‌ನಲ್ಲಿ ಅಂತರ ಇನ್ನೊಂದು ಬಗೆಯದು. ಐಟಿ ಕಂಪನಿಗಳೂ ದೊಡ್ಡ ಅಪಾರ್ಟ್‌ಮೆಂಟ್‌ಗಳೂ ಪ್ರಯೋಗಾಲಯಗಳನ್ನು ನೇರವಾಗಿ ಕರೆಸಿ, ಹಣ ಕೊಟ್ಟು, ಆವರಣದಲ್ಲೇ ಪರೀಕ್ಷೆ ಮಾಡಿಸಿಕೊಳ್ಳಬಲ್ಲವು. ಅದೇ ಅಪಾರ್ಟ್‌ಮೆಂಟಿನಲ್ಲಿ ಮನೆಗೆಲಸ ಮಾಡುವವರು, ಸೆಕ್ಯುರಿಟಿ ಗಾರ್ಡ್‌ಗಳು, ಪಕ್ಕದ ಕಟ್ಟಡ ಕಾಮಗಾರಿಯ ತಗಡಿನ ಶೆಡ್‌ಗಳಲ್ಲಿರುವವರು ಸರ್ಕಾರಿ ಕೇಂದ್ರದ ಸಾಲಿನಲ್ಲಿ ನಿಲ್ಲಬೇಕು. ಪಾಲಿಕೆ ಮನಸ್ಸು ಮಾಡಿದಾಗ ಮಾತ್ರ ಕೆಲಸ ಚುರುಕಾಗಿಯೇ ಆಗಿದೆ. 2021ರ ಫೆಬ್ರುವರಿಯಲ್ಲಿ ಬೊಮ್ಮನಹಳ್ಳಿ ವಲಯದ ಬಿಳೇಕಹಳ್ಳಿಯ ಅಪಾರ್ಟ್‌ಮೆಂಟ್ ಸಮುಚ್ಚಯವೊಂದರಲ್ಲಿ ಸಮಾರಂಭದ ನಂತರ ಸೋಂಕು ಹಬ್ಬಿತು. ಪಾಲಿಕೆ ಸಾವಿರಕ್ಕೂ ಹೆಚ್ಚು ನಿವಾಸಿಗಳನ್ನು ಪರೀಕ್ಷಿಸಿ 103 ಪ್ರಕರಣ ಪತ್ತೆ ಹಚ್ಚಿತು. ಗೇಟು, ಗಾರ್ಡು, ನಿವಾಸಿಗಳ ಸಂಘ, ಫ್ಲ್ಯಾಟ್ ನಂಬರು ಎಲ್ಲ ಇರುವ ಕಡೆ ಹೀಗೆ ಮಾಡಬಹುದು. ತಗಡಿನ ಶೆಡ್‌ಗಳ ಸಾಲಿಗೂ ಅದೇ ವೇಗ ಸಿಗಬೇಕಾದರೆ ಹಾಗೆಂದು ಒಪ್ಪಂದದಲ್ಲೇ ಬರೆದು, ಅಲ್ಲಿಗೆ ಹೋಗುವ ಸಂಚಾರಿ ತಂಡದ ಖರ್ಚನ್ನು ಪ್ರತ್ಯೇಕವಾಗಿ ಕೊಡಬೇಕಾಗುತ್ತದೆ.

ಟಾರ್ಗೆಟ್ ಮತ್ತು ಸುಳ್ಳು ಮಾದರಿ

ಮಾದರಿ ತೆಗೆಯುವ ಕೆಲಸ ಹೆಚ್ಚಾಗಿ ನಡೆದದ್ದು ತಾತ್ಕಾಲಿಕ ನೌಕರರಿಂದ. ಸ್ವ್ಯಾಬ್ ಕಲೆಕ್ಟರ್, ಲ್ಯಾಬ್ ಟೆಕ್ನಿಷಿಯನ್, ಡೇಟಾ ಎಂಟ್ರಿ ಆಪರೇಟರ್‌ಗಳನ್ನು ಗುತ್ತಿಗೆ ಮೇಲೆ ತೆಗೆದುಕೊಂಡು ಆರೋಗ್ಯ ಕೇಂದ್ರಗಳಿಗೆ ಹಂಚಲಾಯಿತು. ಪಿಪಿಇ ಕಿಟ್ ಒಳಗೆ ಬೆವರಿಳಿಸಿಕೊಂಡು, ಊಟ ನೀರು ಬಿಟ್ಟು, ತಮಗೇ ಸೋಂಕು ತಗುಲಬಹುದೆಂದು ಗೊತ್ತಿದ್ದೂ ನಿಂತವರು ಅವರು. ನಗರ ಅವರಿಗೆ ಋಣಿಯಾಗಿರಬೇಕು. ಅವರ ಮೇಲೆ ದಿನಕ್ಕೆ ಇಷ್ಟು ಮಾದರಿ ಎಂಬ ಟಾರ್ಗೆಟ್ ಇತ್ತು. ಸೋಂಕು ಇಳಿದ ತಿಂಗಳುಗಳಲ್ಲೂ ಟಾರ್ಗೆಟ್ ಇಳಿಯಲಿಲ್ಲ, ಪರೀಕ್ಷೆಗೆ ಜನ ಮಾತ್ರ ಬರುತ್ತಿರಲಿಲ್ಲ. 2021ರ ಜನವರಿಯಲ್ಲಿ ನಗರದ ಆರೋಗ್ಯ ಕೇಂದ್ರವೊಂದರಲ್ಲಿ ಗುತ್ತಿಗೆ ಸಿಬ್ಬಂದಿ ಯಾರ ಗಂಟಲಿಗೂ ಹಾಕದ ಸ್ವ್ಯಾಬ್ ಕಡ್ಡಿಗಳನ್ನು ಮುರಿದು ಟ್ಯೂಬಿಗೆ ತುಂಬುತ್ತಿದ್ದ ವಿಡಿಯೊ ಹರಿದಾಡಿತು. ಕ್ರಮ ಆ ಸಿಬ್ಬಂದಿಯ ಮೇಲೆ ಆಯಿತು. ಸಂಖ್ಯೆಯನ್ನೇ ಸಾಧನೆಯೆಂದು ಎಣಿಸುವ ಪದ್ಧತಿ ಹಾಗೇ ಉಳಿಯಿತು.

ಇದೇ ದೋಷ ದೊಡ್ಡದಾಗಿ ಕಂಡದ್ದು ಅದೇ ವರ್ಷ ಹರಿದ್ವಾರದ ಕುಂಭಮೇಳದಲ್ಲಿ. ಅಲ್ಲಿ ಪರೀಕ್ಷೆಯ ಕೆಲಸವನ್ನು ಖಾಸಗಿ ಏಜೆನ್ಸಿಗೆ ವಹಿಸಲಾಗಿತ್ತು. ಪಂಜಾಬಿನ ಫರೀದ್‌ಕೋಟ್‌ನ ವ್ಯಕ್ತಿಯೊಬ್ಬರಿಗೆ, ಎಲ್ಲೂ ಮಾದರಿ ಕೊಡದಿದ್ದರೂ, ನಿಮ್ಮ ವರದಿ ನೆಗೆಟಿವ್ ಎಂಬ ಸಂದೇಶ ಬಂತು. ಅವರು ದೂರು ಕೊಟ್ಟು ಬೆನ್ನುಹತ್ತಿದ್ದರಿಂದ ತನಿಖೆ ಶುರುವಾಗಿ, ಸುಮಾರು ಒಂದು ಲಕ್ಷ ಪರೀಕ್ಷೆಗಳೇ ಅನುಮಾನಕ್ಕೆ ಒಳಗಾದವು. ಒಂದೇ ಫೋನ್ ನಂಬರಿನಲ್ಲಿ, ಒಂದೇ ವಿಳಾಸದಲ್ಲಿ ಹತ್ತಾರು ಹೆಸರುಗಳಿದ್ದವು. ಹಣ ಮಾದರಿಯ ಲೆಕ್ಕದಲ್ಲಿ ಸಂದಾಯವಾಗುವಾಗ ಕೊಳ್ಳುವವರು ಕನಿಷ್ಠ ಒಂದು ಪಾಲನ್ನಾದರೂ ತಾವೇ ಫೋನ್ ಮಾಡಿ ತಾಳೆ ನೋಡಬೇಕು. ನೂರಕ್ಕೆ ಎರಡು ಕರೆ ಮಾಡಿದ್ದರೂ ಹರಿದ್ವಾರದ ಅಕ್ರಮ ಮೊದಲ ವಾರವೇ ಹೊರಬೀಳುತ್ತಿತ್ತು.

ಬೆಂಗಳೂರಿನಲ್ಲಿ ವಿಳಾಸದ ಪ್ರಶ್ನೆ ಬೇರೆ ರೂಪದಲ್ಲಿ ಎದುರಾಯಿತು. 2020ರ ಜುಲೈ ಕೊನೆಯಲ್ಲಿ ಪಾಸಿಟಿವ್ ಬಂದ 3,338 ಜನ ಎಲ್ಲಿದ್ದಾರೆಂದು ಪಾಲಿಕೆಗೆ ಪತ್ತೆಯಾಗಲಿಲ್ಲ. ಕೊಟ್ಟ ವಿಳಾಸದಲ್ಲಿ ಅವರಿರಲಿಲ್ಲ, ಕೊಟ್ಟ ನಂಬರು ಕರೆ ಸ್ವೀಕರಿಸುತ್ತಿರಲಿಲ್ಲ. ಕೆಲವರು ಭಯದಿಂದ ಸುಳ್ಳು ಹೇಳಿದ್ದುಂಟು. ಆದರೆ ಹೊರವಲಯದಲ್ಲಿ ಸತ್ಯ ಹೇಳಿದರೂ ವಿಳಾಸ ಸಿಗುವುದು ಸುಲಭವಲ್ಲ. ಕಾಡುಗೋಡಿಯ ಪಿಜಿಯಲ್ಲಿ ಒಂದು ತಿಂಗಳು ಇದ್ದು ಇನ್ನೊಂದಕ್ಕೆ ಹೋಗುವ ಟೆಕ್ಕಿ, ನಂಬರಿಲ್ಲದ ರೆವಿನ್ಯೂ ಸೈಟಿನ ವಠಾರದಲ್ಲಿರುವ ಕಾರ್ಮಿಕ, ಆಧಾರ್ ಕಾರ್ಡಿನಲ್ಲಿ ರಾಯಚೂರಿನ ಹಳ್ಳಿಯ ಹೆಸರಿರುವ ಗಾರೆ ಕೆಲಸದವರು, ಇವರೆಲ್ಲ ಸೋಂಕಿತರ ಲೈನ್ ಲಿಸ್ಟಿನಲ್ಲಿ ಒಂದು ಸಾಲಾಗಿ ಬಂದು ಅಲ್ಲಿಂದ ಕಳೆದುಹೋಗುತ್ತಾರೆ. ಮಾದರಿ ತೆಗೆಯುವ ಹೊತ್ತಿಗೇ ಗುರುತಿನ ಚೀಟಿ ನೋಡಿ, ನಂಬರಿಗೆ ಕರೆ ಮಾಡಿ ಖಚಿತಪಡಿಸಿಕೊಳ್ಳಬೇಕೆಂಬ ಕ್ರಮ ಆ ಘಟನೆಯ ನಂತರ ಬಂತು. ಗುರುತಿನ ಚೀಟಿಗಿಂತ ಹೆಚ್ಚು ಉಪಯೋಗಕ್ಕೆ ಬರುವುದು ಈಗ ಮಲಗುವ ಜಾಗದ ಗುರುತು: ಯಾವ ಬಸ್ ಸ್ಟಾಪಿನ ಹಿಂದೆ, ಯಾವ ಓನರ್ ಮನೆ, ಯಾವ ಮೇಸ್ತ್ರಿಯ ಶೆಡ್. ಈ ಎರಡು ಸಾಲು ಬರೆದುಕೊಳ್ಳುವುದು ಗುತ್ತಿಗೆಯಲ್ಲಿ ಕಡ್ಡಾಯವಾಗಬೇಕು.

ತಡವಾದ ವರದಿ

ಎರಡನೇ ಅಲೆಯಲ್ಲಿ, 2021ರ ಏಪ್ರಿಲ್–ಮೇ ತಿಂಗಳಲ್ಲಿ, ಬೆಂಗಳೂರಿನಲ್ಲಿ ದಿನಕ್ಕೆ 20 ಸಾವಿರಕ್ಕೂ ಹೆಚ್ಚು ಹೊಸ ಪ್ರಕರಣಗಳು ವರದಿಯಾದವು. ಆಗ ಜನರ ಬಾಯಲ್ಲಿದ್ದದ್ದು ಎರಡು ಸಂಖ್ಯೆಗಳು. ಮಾದರಿ ಕೊಟ್ಟಾಗ ಸಿಗುವ ಎಸ್‌ಆರ್‌ಎಫ್ ಐಡಿ ಒಂದು. ಪಾಸಿಟಿವ್ ಎಂದು ದಾಖಲಾದ ಮೇಲೆ ಸಿಗುವ ಬಿಯು ನಂಬರ್ ಇನ್ನೊಂದು. ಸರ್ಕಾರಿ ಕೋಟಾದ ಹಾಸಿಗೆಗೆ ಪಾಲಿಕೆಯ ವಾರ್ ರೂಮ್ ಕೇಳುತ್ತಿದ್ದದ್ದು ಈ ಬಿಯು ನಂಬರನ್ನೇ. ಪ್ರಯೋಗಾಲಯ ಫಲಿತಾಂಶವನ್ನು ಪೋರ್ಟಲ್‌ಗೆ ಏರಿಸುವುದು ಒಂದು ದಿನ ತಡವಾದರೆ ಬಿಯು ನಂಬರ್ ಒಂದು ದಿನ ತಡ, ಹಾಸಿಗೆಯೂ ಒಂದು ದಿನ ತಡ. ಆಮ್ಲಜನಕ ಇಳಿಯುತ್ತಿರುವ ರೋಗಿಯನ್ನು ಆಟೊದಲ್ಲಿ ಕೂರಿಸಿಕೊಂಡು ರಿಪೋರ್ಟ್ ಬಂತಾ ಎಂದು ಮೊಬೈಲ್ ನೋಡುತ್ತ ಕಾದ ಕುಟುಂಬಗಳ ಸಂಕಟವನ್ನು ಯಾವ ಕಡತವೂ ದಾಖಲಿಸಿಲ್ಲ.

ಸರ್ಕಾರ 24 ಗಂಟೆಗಳ ಗಡುವು ಹಾಕಿ, ತಡ ಮಾಡಿದ ಪ್ರಯೋಗಾಲಯಗಳಿಗೆ ಮೇ ತಿಂಗಳಲ್ಲಿ ದಂಡ ವಿಧಿಸಿತು. ಗಡುವು ಎಲ್ಲಿಂದ ಶುರುವಾಗುತ್ತದೆ ಎಂಬುದು ಇಲ್ಲಿ ಮುಖ್ಯ. ಪ್ರಯೋಗಾಲಯದ ಗಡಿಯಾರ ಓಡುವುದು ಟ್ಯೂಬ್ ಅದರ ಬಾಗಿಲಿಗೆ ಬಂದ ಮೇಲೆ. ವರ್ತೂರಿನಲ್ಲೋ ಆನೇಕಲ್‌ನಲ್ಲೋ ಬೆಳಿಗ್ಗೆ ತೆಗೆದ ಮಾದರಿ ಸಂಜೆ ಪೆಟ್ಟಿಗೆ ತುಂಬಿದ ಮೇಲೆ ಹೊರಟು, ಔಟರ್ ರಿಂಗ್ ರೋಡನ್ನೋ ಸಿಲ್ಕ್ ಬೋರ್ಡ್ ಜಂಕ್ಷನ್ನನ್ನೋ ದಾಟಿ ತಲುಪುವಷ್ಟರಲ್ಲಿ ಕಳೆದ ಗಂಟೆಗಳು ಯಾರ ಲೆಕ್ಕಕ್ಕೂ ಬರುವುದಿಲ್ಲ. ರೋಗಿಯ ಗಡಿಯಾರ ಮಾತ್ರ ಮೂಗಿಗೆ ಕಡ್ಡಿ ಹಾಕಿದ ಕ್ಷಣದಿಂದಲೇ ಓಡುತ್ತಿರುತ್ತದೆ. ಒಪ್ಪಂದದ ಗಡುವು ಅದನ್ನೇ ಅನುಸರಿಸಬೇಕು. ಹಾಗೆ ಮಾಡಿದರೆ ಸಾಗಣೆಯ ಹೊಣೆ ಹೊತ್ತ ಪಾಲಿಕೆಯೂ ತನ್ನ ಪಾಲಿನ ತಡಕ್ಕೆ ಉತ್ತರಿಸಬೇಕಾಗುತ್ತದೆ, ಅದು ನ್ಯಾಯ.

ವೇಗದ ಜೊತೆ ನಿಖರತೆಯನ್ನೂ ಕೊಳ್ಳಬೇಕು. ಬ್ರಿಟನ್ನಿನಲ್ಲಿ ಸರ್ಕಾರದ ಗುತ್ತಿಗೆ ಪಡೆದಿದ್ದ ವುಲ್ವರ್‌ಹ್ಯಾಂಪ್ಟನ್‌ನ ಖಾಸಗಿ ಪ್ರಯೋಗಾಲಯವೊಂದು 2021ರ ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ ಸೋಂಕಿದ್ದ ಸುಮಾರು 43 ಸಾವಿರ ಜನರಿಗೆ ನೆಗೆಟಿವ್ ವರದಿ ಕೊಟ್ಟಿತೆಂದು ಅಂದಾಜಿಸಲಾಯಿತು. ವರದಿ ಹೊತ್ತಿಗೆ ಬಂದರೂ ತಪ್ಪಾಗಿದ್ದರೆ ಅದರಿಂದ ಪ್ರಯೋಜನವಿಲ್ಲ. ಎನ್‌ಎಬಿಎಲ್ ಗುಣಮಟ್ಟ ಮಾನ್ಯತೆ ಇದೆಯೇ ಎಂದು ಆರಂಭದಲ್ಲಿ ಒಮ್ಮೆ ನೋಡಿ ಬಿಟ್ಟರೆ ಸಾಲದು, ಪ್ರಯೋಗಾಲಯದ ಒಂದಿಷ್ಟು ಮಾದರಿಗಳನ್ನು ನಿಯಮಿತವಾಗಿ ನಿಮ್ಹಾನ್ಸ್‌ನಂಥ ಸಂಸ್ಥೆಯಲ್ಲಿ ಮರುಪರೀಕ್ಷೆ ಮಾಡಿಸಬೇಕು. ಅದಕ್ಕೆ ತಗಲುವ ಖರ್ಚು ಒಟ್ಟು ಬಿಲ್ಲಿನ ಸಣ್ಣ ಪಾಲು.

ಡೆಂಗಿ, ಕ್ಷಯ ಮತ್ತು ಚರಂಡಿ ನೀರು

ಕೋವಿಡ್ ಹಿಂದೆ ಸರಿದರೂ ಪರೀಕ್ಷೆಯ ಅಗತ್ಯ ಸರಿಯಲಿಲ್ಲ. ಮಳೆಗಾಲ ಬಂತೆಂದರೆ ಡೆಂಗಿ. ಕಟ್ಟಡ ಕಾಮಗಾರಿ, ನೀರಿನ ತೊಟ್ಟಿ, ಸಂಪುಗಳಿಂದ ತುಂಬಿದ ಮಹದೇವಪುರ ವಲಯ ನಗರದ ಡೆಂಗಿ ಪಟ್ಟಿಯ ಮೇಲ್ಭಾಗದಲ್ಲಿ ಕಾಣಿಸಿಕೊಳ್ಳುವುದು ಸಾಮಾನ್ಯ. 2024ರಲ್ಲಿ ಪ್ರಕರಣಗಳು ಏರಿದಾಗ ರಾಜ್ಯ ಸರ್ಕಾರ ಜುಲೈನಲ್ಲಿ ಖಾಸಗಿ ಪ್ರಯೋಗಾಲಯಗಳಿಗೆ ದರ ಗೊತ್ತುಮಾಡಿತು: ಎನ್‌ಎಸ್–1 ಎಲೈಸಾಗೆ 300 ರೂಪಾಯಿ, ಐಜಿಎಂ ಎಲೈಸಾಗೆ 300, ರ್‍ಯಾಪಿಡ್ ಕಾರ್ಡ್ ಪರೀಕ್ಷೆಗೆ 250. ಸೆಪ್ಟೆಂಬರ್‌ನಲ್ಲಿ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಅಧಿಸೂಚಿಸಿತು.

ಡೆಂಗಿಗೆ ಕೋವಿಡ್ ಮಾದರಿಯ ಒಪ್ಪಂದ ಹೊಂದುವುದಿಲ್ಲ. ಎನ್‌ಎಸ್–1 ಎಂಬ ವೈರಾಣುವಿನ ಪ್ರೋಟೀನ್ ಕಾಣುವುದು ಜ್ವರದ ಮೊದಲ ನಾಲ್ಕೈದು ದಿನ, ಐಜಿಎಂ ಪ್ರತಿಕಾಯ ಕಾಣುವುದು ಆಮೇಲೆ. ಎಷ್ಟನೇ ದಿನದ ಜ್ವರ ಎಂದು ಫಾರಂನಲ್ಲಿ ಬರೆಯದಿದ್ದರೆ ತಪ್ಪು ಪರೀಕ್ಷೆ ಆಗಿ ದುಡ್ಡೂ ರಕ್ತವೂ ವ್ಯರ್ಥ. ಎಲೈಸಾ ತಟ್ಟೆಗೆ 96 ಗುಳಿಗಳು. ಅದು ತುಂಬಲಿ ಎಂದು ಪ್ರಯೋಗಾಲಯ ಕಾಯುವುದು ಕಿಟ್ ಉಳಿಸಲು. ಸಣ್ಣ ಪ್ರಯೋಗಾಲಯಕ್ಕೆ ದಿನಕ್ಕೆ ಹತ್ತು ಮಾದರಿ ಬಂದರೆ ತಟ್ಟೆ ತುಂಬಲು ವಾರಕ್ಕಿಂತ ಹೆಚ್ಚು ಬೇಕು, ಅಷ್ಟರಲ್ಲಿ ರೋಗಿ ವಾಸಿಯಾಗಿರುತ್ತಾರೆ ಇಲ್ಲವೇ ಐಸಿಯುನಲ್ಲಿರುತ್ತಾರೆ. ಆದ್ದರಿಂದ ಡೆಂಗಿ ಕಾಲದಲ್ಲಿ ಹೊರವಲಯದ ಮಾದರಿಗಳನ್ನು ನಾಲ್ಕಾರು ಕಡೆ ಚದುರಿಸದೆ ಒಂದೇ ಕಡೆಗೆ ಕಳಿಸಿ, ತಟ್ಟೆ ತುಂಬಲಿ ಬಿಡಲಿ ಪ್ರತಿದಿನ ಒಂದು ಸುತ್ತು ನಡೆಸಬೇಕೆಂದು ಹೇಳಿ, ಖಾಲಿ ಗುಳಿಯ ಖರ್ಚನ್ನು ಪಾಲಿಕೆಯೇ ಹೊರುವುದು ಮೇಲು.

ಕ್ಷಯದಲ್ಲಿ ಕೊಳ್ಳಬೇಕಾದದ್ದು ಇನ್ನೂ ಉದ್ದದ ಸೇವೆ. ಪೀಣ್ಯದ ಫೌಂಡ್ರಿ, ಗ್ರೈಂಡಿಂಗ್ ಘಟಕಗಳ ಸಿಲಿಕಾ ದೂಳು ಶ್ವಾಸಕೋಶವನ್ನು ಹಾಳುಮಾಡುತ್ತದೆ, ಹಾಗೆ ಹಾಳಾದ ಶ್ವಾಸಕೋಶಕ್ಕೆ ಕ್ಷಯ ಬೇಗ ತಗಲುತ್ತದೆ. ಕಫ ಪರೀಕ್ಷೆ, ಔಷಧ ಪ್ರತಿರೋಧದ ಪರೀಕ್ಷೆ, ಕನಿಷ್ಠ ಆರು ತಿಂಗಳ ಚಿಕಿತ್ಸೆ, ನಡುವೆ ಊರಿಗೆ ಹೋದವರ ಪತ್ತೆ ಎಲ್ಲವೂ ಒಂದೇ ಸರಪಳಿ. ಖಾಸಗಿ ಪ್ರಯೋಗಾಲಯ, ವೈದ್ಯರು ಕ್ಷಯ ಪ್ರಕರಣವನ್ನು ಸರ್ಕಾರಕ್ಕೆ ತಿಳಿಸುವುದು 2012ರಿಂದ ಕಡ್ಡಾಯ. ಕ್ಷಯದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಖಾಸಗಿ ಸಂಸ್ಥೆಗಳ ಜೊತೆಗಿನ ಒಪ್ಪಂದಕ್ಕೆ ಅವಕಾಶವಿದೆ. ಮಾದರಿಯ ಲೆಕ್ಕಕ್ಕಿಂತ ಚಿಕಿತ್ಸೆಗೆ ಸೇರಿದವರ ಲೆಕ್ಕದಲ್ಲಿ ಹಣ ಕೊಡುವುದು ಈ ರೋಗಕ್ಕೆ ಸರಿಯಾದ ಕ್ರಮ.

ಹೆಸರು, ವಿಳಾಸ ಯಾವುದೂ ಬೇಡದ ಪರೀಕ್ಷೆಯೂ ಒಂದಿದೆ, ಅದು ಕೊಳಚೆ ನೀರಿನದು. ಎನ್‌ಸಿಬಿಎಸ್ ಮತ್ತು ಟಾಟಾ ಜೆನೆಟಿಕ್ಸ್ ಅಂಡ್ ಸೊಸೈಟಿ ಸಂಸ್ಥೆಯ ವಿಜ್ಞಾನಿಗಳು 2022ರಲ್ಲಿ ಬೆಂಗಳೂರಿನ 28 ಕೊಳಚೆ ನೀರು ಸಂಸ್ಕರಣಾ ಘಟಕಗಳ ನೀರಿನಲ್ಲಿ ಕೊರೊನಾ ವೈರಾಣುವಿನ ಏರಿಳಿತವನ್ನೂ ತಳಿಗಳನ್ನೂ ಗುರುತಿಸಿ ತೋರಿಸಿದರು. ಪರೀಕ್ಷೆಗೆ ಬಾರದವರ ಸೋಂಕೂ ಇಲ್ಲಿ ಲೆಕ್ಕಕ್ಕೆ ಬರುತ್ತದೆ, ಖರ್ಚೂ ಕಡಿಮೆ. ಆದರೆ ಇದು ಒಳಚರಂಡಿ ಜಾಲ ಇರುವ ಕಡೆ ಮಾತ್ರ ಸಾಧ್ಯ. ವೈಟ್‌ಫೀಲ್ಡ್ ಸುತ್ತಿನ ದೊಡ್ಡ ಅಪಾರ್ಟ್‌ಮೆಂಟ್‌ಗಳಿಗೆ ತಮ್ಮದೇ ಸಂಸ್ಕರಣಾ ಘಟಕಗಳಿವೆ. ಶೆಡ್, ವಠಾರಗಳಲ್ಲಿ ಪಿಟ್ ತುಂಬಿದಾಗ ಟ್ಯಾಂಕರ್ ಬರುತ್ತದೆ. ಅಪಾರ್ಟ್‌ಮೆಂಟ್ ಘಟಕಗಳಿಂದ ಮತ್ತು ಟ್ಯಾಂಕರ್‌ಗಳು ಖಾಲಿ ಮಾಡುವ ಜಾಗಗಳಿಂದ ವಾರಕ್ಕೊಮ್ಮೆ ಮಾದರಿ ತೆಗೆಯುವ ಗುತ್ತಿಗೆ ಹೊರವಲಯಕ್ಕೆ ತುರ್ತಾಗಿ ಬೇಕು.

ಗಡಿಯ ಮಾತಿಗೆ ಮತ್ತೆ ಬಂದರೆ, 2025ರ ಸೆಪ್ಟೆಂಬರ್ 2ರಂದು ಬಿಬಿಎಂಪಿ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಅಡಿ ಐದು ನಗರ ಪಾಲಿಕೆಗಳು ಬಂದಿವೆ. ವೈಟ್‌ಫೀಲ್ಡ್ ಈಗ ಬೆಂಗಳೂರು ಪೂರ್ವ ಪಾಲಿಕೆಯಲ್ಲಿದೆ. ಒಂದು ಗಡಿ ಇದ್ದಲ್ಲಿ ಹಲವು ಗಡಿಗಳಾಗಿವೆ. ಪ್ರತಿ ಪಾಲಿಕೆ ತನ್ನದೇ ದರ, ತನ್ನದೇ ಪ್ರಯೋಗಾಲಯ, ತನ್ನದೇ ಪಟ್ಟಿ ಮಾಡಿಕೊಂಡರೆ ಬೊಮ್ಮನಹಳ್ಳಿಯಲ್ಲಿ ಮಲಗಿ ಬೊಮ್ಮಸಂದ್ರದಲ್ಲಿ ಹೊಲಿಯುವ ಹುಡುಗಿ ಮತ್ತೆ ಯಾರ ಲೆಕ್ಕಕ್ಕೂ ಸೇರುವುದಿಲ್ಲ. ಐದೂ ಪಾಲಿಕೆಗಳು, ಎಲ್ಸಿಟಾ, ಹೆಬ್ಬಗೋಡಿ–ಬೊಮ್ಮಸಂದ್ರದ ಸ್ಥಳೀಯ ಸಂಸ್ಥೆಗಳು, ಇಎಸ್‌ಐ ಮತ್ತು ಜಿಲ್ಲಾ ಆರೋಗ್ಯ ಇಲಾಖೆ ಸೇರಿ ಒಂದೇ ದರ ಒಪ್ಪಂದ ಮಾಡಿಕೊಳ್ಳಲಿ. ಅದರ ಷರತ್ತುಗಳನ್ನೂ ತಿಂಗಳ ಬಿಲ್‌ಗಳನ್ನೂ ಪ್ರತಿ ಆರೋಗ್ಯ ಕೇಂದ್ರದ ಗೋಡೆಯ ಮೇಲೆ ಕನ್ನಡದಲ್ಲಿ ಅಂಟಿಸಲಿ. ಮುಂದಿನ ಸಾಂಕ್ರಾಮಿಕ ಬರುವ ಮೊದಲೇ ಈ ಕೆಲಸ ಮುಗಿಯಬೇಕು.